ಬದಲಿ ಬಂದ ತಾಯಿಯವರು

ಕಡ್ಲಿಹಾಳದ ಮಠದ ಹಿಂದಿನ ತಗಡಿನ ಕೋಣೆಯಲ್ಲಿ ಪೂಜ್ಯ ಗಂಗಾಂಬಿಕೆ ತಾಯಿಯವರು ವಾಸವಾಗಿದ್ದರು. ದಾಸೋಹದ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುವುದೇ ಅವರ ನಿತ್ಯಪೂಜೆ. ಉಪದೇಶ ಕೇಳಲು ಬಂದವರ ಕೈಗೂ ಮೊದಲು ಒಂದು ಪಾತ್ರೆ ಕೊಡುತ್ತಿದ್ದರು. ಹೀಗಾಗಿ ಉಪದೇಶ ಬೇಕೆನ್ನುವವರ ಸಂಖ್ಯೆ ಮಿತವಾಗಿತ್ತು.

ಒಂದು ದಿನ ಗಡಿಯಲ್ಲಿ ಮತ್ತೆ ಯುದ್ಧ ಶುರುವಾಯಿತೆಂದು ಟಿವಿ ಸಾರಿತು. ಗಡಿಯಿಂದ ಬಹುದೂರದ ಕಡ್ಲಿಹಾಳ ತಕ್ಷಣ ಸನ್ನದ್ಧವಾಯಿತು. ಕ್ಷೌರದಂಗಡಿಯ ಹರಟೆಯಲ್ಲಿ ಮಧ್ಯಾಹ್ನದೊಳಗೆ ಶತ್ರುವಿನ ಎರಡು ನಗರಗಳು ವಶವಾದವು. ಪಟಾಕಿಯೂ ಹಾರಿತು. ಅಣಿಯಾಗದವನು ಒಬ್ಬನೇ, ಯುದ್ಧ ಕಂಡಿದ್ದ ನಿವೃತ್ತ ಹವಾಲ್ದಾರ ಈರಸಂಗಪ್ಪ.

ಪಟಾಕಿಯ ಸದ್ದಿಗೆ ಅವನು ಹಿತ್ತಿಲಿಗೆ ಓಡಿ, ಎದೆಮಟ್ಟ ಕಂದಕ ತೋಡಿ, ಕೋಲು ಹಿಡಿದು ಅದರೊಳಗೆ ನಿಂತ. ಮೂರು ದಿನ ಅನ್ನವಿಲ್ಲ, ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಹಿಮ, ಹಿಮದ ಮೇಲೆ ಬಿದ್ದ ಗೆಳೆಯ ಸೋಮಲಿಂಗ.

"ಏನ್ ಹವಾಲ್ದಾರ್ರ, ಬಾವಿ ತೆಗದೀರೇನು? ನೀರು ಬಂತೇನ್ರಿ?" ಎಂದು ಬೇಲಿಯಾಚೆಯವರು ನಕ್ಕರು.

ಹೆಂಡತಿ ನಿಂಬೆವ್ವ ಮಠಕ್ಕೆ ಹೋಗಿ ಅತ್ತಳು. ತಾಯಿಯವರು ಬೂದಿಗೈಯಲ್ಲೇ ಎದ್ದು ಬಂದರು; ಸೀರೆ ಎತ್ತಿಕಟ್ಟಿ ಕಂದಕಕ್ಕೆ ಇಳಿದರು.

"ಇಲ್ಲಿಂದ ಯಾವಾಗ ಹೋಗೂದಪ್ಪಾ?"

"ಬದಲಿ ಬರೂತನಕ ಕಾವಲು ಬಿಡಂಗಿಲ್ರಿ ತಾಯಿ. ಹುಕುಂ ಐತಿ. ಅವತ್ತು ಸೋಮಲಿಂಗ ನನ್ನ ಬದಲಿಗೆ ಬರಾಕತ್ತಿದ್ದ. ದಾರ್ಯಾಗ ಗುಂಡು ಬಿತ್ತು. ನನಗೂ ಗುಂಡು ಬಿತ್ತು, ಸ್ಟ್ರೆಚರಿನ್ಯಾಗ ಹೊತ್ತೊಯ್ದ್ರು. ಬದಲಿ ಯಾರೂ ಬರಲಿಲ್ರಿ."

ತಾಯಿಯವರು ಕೈ ಚಾಚಿದರು.

"ನಾ ಬಂದೀನಿ. ಕೋಲು ಕೊಡು. ಎಲ್ಲೆಲ್ಲಿ ಏನೈತಿ, ಹೇಳಿ ಹೋಗು."

ಕಾವಲು ಒಪ್ಪಿಸುವ ಕ್ರಮವೇ ಅದು. ಈರಸಂಗಪ್ಪ ನೆಟ್ಟಗಾದ.

"ಎಡಕ್ಕ ಬೇವಿನಗಿಡ, ಒಂದು ಆಡು. ಬಲಕ್ಕ ಒಣಹಾಕಿದ ಅರಿವಿ. ಮುಂದ..." ದಿಟ್ಟಿಸಿದ. ಬಹಳ ಹೊತ್ತು ದಿಟ್ಟಿಸಿದ. "ಮುಂದ ಏನೂ ಇಲ್ರಿ ತಾಯಿ."

"ಹೋಗಿ ಮಲಕ್ಕೊ."

ಅವನು ಸಂಜೆವರೆಗೆ ಮಗುವಿನಂತೆ ಮಲಗಿದ. ಎಪ್ಪತ್ತೆಂಟರ ತಾಯಿಯವರು ಕೋಲು ಹಿಡಿದು ಬಿಸಿಲಲ್ಲಿ ನಿಂತೇ ಇದ್ದರು. ಕೂಡ್ರಬೇಕೆಂದು ಭಕ್ತರು ಬೇಡಿಕೊಂಡಾಗ, "ಕಾವಲಿನ್ಯಾಗ ಕೂಡಂಗಿಲ್ಲ. ಮಠದಾಗ ಪಾತ್ರಿ ಅದಾವ," ಎಂದಷ್ಟೇ ಅಂದರು. ಆ ದಿನ ದಾಸೋಹದ ಪಾತ್ರೆಗಳನ್ನು ಕ್ಷೌರದಂಗಡಿಯ ದಂಡನಾಯಕರು ತಿಕ್ಕಿದರು.

ಎದ್ದ ಈರಸಂಗಪ್ಪ ತಾಯಿಯವರ ಬಾತ ಪಾದಗಳನ್ನು ಕಂಡ. ಅವರನ್ನು ಮೇಲಕ್ಕೆತ್ತಿ, ಕಂದಕವನ್ನು ತಾನೇ ಮುಚ್ಚಿದ.

ಯುದ್ಧದ ಸುದ್ದಿ ಆಮೇಲೂ ಬಂತು, ಬರುತ್ತಲೇ ಇದೆ. ಬಂದಾಗಲೆಲ್ಲ ಅವನ ಕಣ್ಣಿಗೆ ಆ ಹಿಮ ಕಟ್ಟುತ್ತದೆ. ಆಗ ಅವನು ಟಿವಿ ಆರಿಸಿ, ಕೋಲು ಹಿಡಿದು, ಸುತ್ತಲ ಹಳ್ಳಿಗಳ ಮಾಜಿ ಸೈನಿಕರ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

"ಬದಲಿ ಬಂದೀನ್ರಿ. ಮಲಕ್ಕೊಳ್ರಿ."