ಬೇರೆ ದಿನಾಂಕ ಆರಿಸಿ

ಹೊಳೆ ದಂಡೆಯಲ್ಲಿ ಒಂದು ಮಠ, ಮಠದ ಹಿಂದೆ ತಗಡಿನ ಚಪ್ಪರ. ಆ ತಗಡಿನ ಕೆಳಗೆ ಸ್ವಾಮಿಗಳು ಹಳ್ಳಿ ಹೈಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಕಾವಿ ತೊಡುವ ಮುಂಚೆ ಅವರೇ ಊರೂರಿನ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಟ್ಟವರು.

ಅವರ ಶಿಷ್ಯರಲ್ಲಿ ರಾಚಪ್ಪ ಅಂದರೆ ಹುಲಿ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ಆ ಮಠದಲ್ಲೊಂದು ಕಟ್ಟುಪಾಡಿತ್ತು. ಸ್ವಾಮಿಗಳು ನೋಡಿ ‘ಕೊಡು’ ಅನ್ನುವ ತನಕ ಶಿಷ್ಯ ಮಾಡಿದ ಸಾಫ್ಟ್‌ವೇರ್ ಹೊಸಿಲು ದಾಟುವಂತಿಲ್ಲ. ಹುಲಿಯ ಕೆಲಸ ಇನ್ನೂ ಒಂದೂ ದಾಟಿರಲಿಲ್ಲ.

ಈಗ ಶಾಮಿಯಾನ ಅಂಗಡಿಯ ದೇವಮ್ಮಣ್ಣಿ ಬುಕಿಂಗ್ ನೋಡಿಕೊಳ್ಳುವುದಕ್ಕೆ ಒಂದು ಸಾಫ್ಟ್‌ವೇರ್ ಬೇಕು ಅಂದಿದ್ದರು. ನಾಳೆ ಬೆಳಿಗ್ಗೆ ಬಂದು ನೋಡುತ್ತಾರೆ. ಒಪ್ಪಿದರೆ ರಾಚಪ್ಪನಿಗೆ ಬದುಕಿನ ಮೊದಲ ಗಿರಾಕಿ. ಇಲ್ಲದಿದ್ದರೆ ಮತ್ತೆ ಅದೇ ತಗಡು, ಅದೇ ಪಾಠ.

“ಮುಗೀತು ಬುದ್ಧಿ!” ರಾಚಪ್ಪ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿಬಂದ.

“ಇವತ್ತು ತಾನೆ ಶುರು ಮಾಡಿದೆಯಲ್ಲಪ್ಪ?”

“ನಾನೆಲ್ಲಿ ಬರೆದೆ ಬುದ್ಧಿ? ಕೋಡ್ ಬರೆಯೋ ಎಐ ಬಂದದಲ್ಲ, ಅದು ಎಂಥದು ನೋಡೇಬಿಡುವಾ ಅಂತ ಕೂತೆ. ನಾನು ಹೇಳ್ತಾ ಹೋದೆ, ಅದು ಬರೀತಾ ಹೋಯ್ತು. ಉಂಡ ಮುದ್ದೆ ಅರಗೋದ್ರೊಳಗೆ ಸಾಫ್ಟ್‌ವೇರ್ ರೆಡಿ! ಒಂದು ಶಾಮಿಯಾನನ ಒಂದೇ ದಿನ ಇಬ್ಬರಿಗೆ ಕೊಡೋಕಾಗಲ್ಲ. ಬ್ರಹ್ಮ ಬಂದು ಕೇಳಿದ್ರೂ ಅದು ಬಿಡಲ್ಲ.”

“ಗಟ್ಟಿ ಕೆಲಸ.”

“ಈ ತಾಲೂಕಲ್ಲಿ ನನ್ನ ಮೀರಿಸೋನು ಇನ್ನು ಹುಟ್ಟಬೇಕು ಬುದ್ಧಿ.”

“ಹುಟ್ಟಿರಬೋದು. ಸುದ್ದಿ ಬರೋದು ತಡ ಆಗಿದೆ, ಅಷ್ಟೆ.” ಸ್ವಾಮಿಗಳು ಚಾಪೆಯ ಅಂಚಿಗೆ ಸರಿದರು. “ಕೂತ್ಕೋ. ನೀನೀಗ ಅಂಗಡಿಯವನು, ನಾನು ಗಿರಾಕಿ.”

ರಾಚಪ್ಪ ಕಾಲ ಮೇಲೆ ಕಾಲು ಹಾಕಿ ಕೂತ. ಎದುರಿಗಿರುವುದು ಗುರುಗಳು ಅಂತ ನೆನಪಾಗಿ ಇಳಿಸಿದ.

“ಸೋಮವಾರ ಮಗಳ ಮದುವೆ ಕಣಪ್ಪ. ಎರಡು ಶಾಮಿಯಾನ ಬೇಕು.”

“ಬರಕೊಂಡೆ ಬುದ್ಧಿ.”

“ನಮ್ಮ ಭಾವಮೈದನ ಮನೆ ಗೃಹಪ್ರವೇಶಾನೂ ಅವತ್ತೇ. ಇನ್ನೊಂದು ಬೇಕಲ್ಲ?”

“ಅದೂ ಆಯ್ತು. ಇರೋ ಮೂರೂ ಹೋದ್ವು, ಅಂಗಡಿ ಖಾಲಿ!” ರಾಚಪ್ಪ ತೊಡೆ ತಟ್ಟಿದ. “ನೋಡಿದ್ರಾ, ಎಷ್ಟು ಸಲೀಸು!”

ಸ್ವಾಮಿಗಳು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದರು. ಹೆಗಲ ಮೇಲಿನ ವಸ್ತ್ರ ತಲೆಯ ಮೇಲಿತ್ತು. ಕೂರಲಿಲ್ಲ, ಹೊಸಿಲಲ್ಲೇ ನಿಂತರು.

“ಇವತ್ತು ಸೋಮವಾರ. ನಮ್ಮಪ್ಪ ಹೋಗ್ಬಿಟ್ಟ ಕಣಣ್ಣ,” ಅಂದರು. “ಬಂದ ಜನ ಬಿಸಿಲಲ್ಲಿ ನಿಂತವ್ರೆ. ಒಂದು ಶಾಮಿಯಾನ ಕೊಡು.”

ಆಟ ಅಂತ ಗೊತ್ತಿದ್ದರೂ ರಾಚಪ್ಪನ ಬೆನ್ನು ನೆಟ್ಟಗಾಯಿತು. ಟೈಪ್ ಮಾಡಿದ. ಪರದೆ ಮೇಲೆ ಕೆಂಪಕ್ಷರ ಬಂತು. ಶಾಮಿಯಾನ ಖಾಲಿ ಇಲ್ಲ. ಬೇರೆ ದಿನಾಂಕ ಆರಿಸಿ.

ಗಟ್ಟಿಯಾಗಿ ಓದಲು ಹೋದವನು ‘ಬೇರೆ ದಿನಾಂಕ’ ಅನ್ನುವಲ್ಲಿಗೆ ನಿಲ್ಲಿಸಿದ.

“ಏನಂತಪ್ಪ?”

ರಾಚಪ್ಪ ಲ್ಯಾಪ್‌ಟಾಪನ್ನು ಆ ಕಡೆ ತಿರುಗಿಸಿದ. ಸ್ವಾಮಿಗಳು ಓದಿದರು. ನಗಲಿಲ್ಲ.

“ನಿಮ್ಮೂರಲ್ಲಿ ಹಿಂಗಾದ್ರೆ ಏನು ಮಾಡ್ತೀರಿ?”

“ಸಾವಿನ ಮನೆಗೆ ಇಲ್ಲ ಅಂತ ಯಾವನಂದಾನು ಬುದ್ಧಿ? ನಮ್ಮಕ್ಕನ ಮದುವೆ ದಿವಸ ಕೆಳಗಲ ಬೀದೀಲಿ ಒಬ್ಬರು ತೀರ್ಕೊಂಡ್ರು. ಊಟದ ಕಡೆ ಹಾಕಿದ್ದ ಶಾಮಿಯಾನನ ನಾನೇ ಬಿಚ್ಚಿ, ಹೊತ್ಕೊಂಡು ಹೋಗಿ ಕಟ್ಟಿ ಬಂದೆ. ಬೀಗರು ಹಲಸಿನ ಮರದ ಕೆಳಗೆ ಉಂಡ್ರು.” ಅಂದವನೇ ಲ್ಯಾಪ್‌ಟಾಪ್ ಕಡೆ ಉರಿದುಬಿದ್ದ. “ದಡ್ಡ ಮುಂಡೇದು ಈ ಎಐ! ಇಷ್ಟೂ ತಿಳೀಬೇಡ್ವಾ?”

“ಜನ ಸಾಯ್ತಾರೆ ಅಂತ ಅದಕ್ಕೆ ಹೇಳಿದ್ಯಾ?”

“ಅದೇನು ಹೇಳೋ ಮಾತಾ ಬುದ್ಧಿ? ಎಲ್ರಿಗೂ ಗೊತ್ತಿರೋದು.”

“ಅದಕ್ಕೇ ಯಾರೂ ಹೇಳಲ್ಲ.”

ರಾಚಪ್ಪನ ಮುಖ ಬಾಡಿತು. “ಇದನ್ನ ಪೂರಾ ಅಳಿಸಾಕಿ ನಾನೇ ಕೈಯಾರೆ ಬರೀತೀನಿ.”

“ನೀನು ಬರೆದಿದ್ರೂ ಇದನ್ನೇ ಬರೀತಿದ್ದೆ. ತಿಂಗಳುಗಟ್ಟಲೆ ಕೂತು ಬರೀತಿದ್ದೆ. ಕೋಪ ಬಿಡು, ಅದಕ್ಕೆ ಹೇಳು.”

ರಾಚಪ್ಪ ಎಐಗೆ ಸಾವಿನ ಮನೆಯ ವಿಷಯ ಬರೆದ. ಅದು ಸರಿ ಅಂತು, ಆಮೇಲೆ ತಿರುಗಿ ಕೇಳಿತು: ಯಾರ ಬುಕಿಂಗ್ ರದ್ದು ಮಾಡಲಿ? ಮದುವೆಯದೋ, ಗೃಹಪ್ರವೇಶದ್ದೋ?

ಅವನು ತಲೆ ಕೆರೆದುಕೊಂಡು ಸ್ವಾಮಿಗಳ ಕಡೆ ನೋಡಿದ. ಅವರು ಹೊಳೆ ನೋಡುತ್ತಿದ್ದರು.

“ಯಾರದ್ದೂ ರದ್ದು ಮಾಡಂಗಿಲ್ಲ ಕಣಯ್ಯ,” ಅಂತ ಅವನು ಪರದೆಗೇ ಬಾಯಿಬಿಟ್ಟು ಹೇಳಿದ. “ಕಿತ್ಕೊಂಡ್ರೆ ಹೊಡೆದಾಟ ಆಗುತ್ತೆ. ಕೇಳಿದ್ರೆ ಅವರೇ ಬಿಚ್ಚಿ ಕೊಡ್ತಾರೆ.”

ತಾನಂದ ಮಾತು ತನಗೇ ಹೊಸದಾಗಿ ಕೇಳಿಸಿತು. ಅದನ್ನೇ ಟೈಪ್ ಮಾಡಿದ.

ಎಐ ಮತ್ತೆ ಬರೆದುಕೊಟ್ಟಿತು. ಈ ಸಲ ಕೆಂಪಕ್ಷರ ಬರಲಿಲ್ಲ. ಅವತ್ತು ಶಾಮಿಯಾನ ಹೋಗಿರುವ ಮನೆಗಳ ಹೆಸರು ಬಂತು, ಪಕ್ಕದಲ್ಲಿ ಫೋನ್ ನಂಬರು. ಕೆಳಗೊಂದು ಸಾಲು: ಇವರನ್ನು ಕೇಳಿ ನೋಡಿ.

ರಾಚಪ್ಪ ನೋಡುತ್ತಾ ಕೂತ. ಖುಷಿಯೂ ಆಯಿತು, ಅಳುಕೂ ಆಯಿತು.

“ಬುದ್ಧಿ, ಕಷ್ಟದ ಕೆಲಸನ ಮತ್ತೆ ದೇವಮ್ಮಣ್ಣಕ್ಕನ ತಲೆ ಮೇಲೇ ಹಾಕ್ದಂಗಾಯ್ತಲ್ಲ? ‘ಫೋನ್ ಮಾಡಿ ಕೇಳೋದು ನಾನೇ ಆದ್ರೆ ನಿನ್ನ ಸಾಫ್ಟ್‌ವೇರ್ ಯಾತಕ್ಕೋ’ ಅಂತ ಅವರಂದ್ರೆ? ಕೊಡ್ಲಾ, ಬೇಡ್ವಾ?”

ಸ್ವಾಮಿಗಳು ತಲೆ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡರು.

“ಕೊಡು. ಇದೆ ಅನ್ನೋದನ್ನ ಅದು ಹೇಳಲಿ. ಇಲ್ಲ ಅನ್ನೋದನ್ನ ಮಾತ್ರ ಮನುಷ್ಯರೇ ಹೇಳಲಿ.”