ಕುಂಕುಮ ಹಚ್ಚಿದ ಕಾರ್ಡು

"ಗುರುಗಳೇ, ಎಲ್ಲಕ್ಕಿಂತ ಕಠಿಣವಾದ ವ್ರತ ಯಾವುದೋ ಅದನ್ನೇ ನನಗೆ ಕೊಡಿ. ಸಣ್ಣಪುಟ್ಟದ್ದರಲ್ಲಿ ನನಗೆ ಮನಸ್ಸಿಲ್ಲ" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸ್ಟುಡಿಯೋದವನಿದ್ದ. ಮದುವೆಗಳ ವಿಡಿಯೋ ಮಾಡಿಕೊಡುವುದು ಅವನ ಕಸುಬು. ಕೈ ಚುರುಕು, ಬಾಯಿ ಇನ್ನೂ ಚುರುಕು. ಒಂದು ಮದುವೆಯಲ್ಲಿ ಮದುಮಗಳ ತಂದೆ ಕಾಯಿಲೆ ಬಿದ್ದು ಮಂಟಪಕ್ಕೆ ಬರಲಾಗಲಿಲ್ಲ. ಧಾರೆಯನ್ನು ವಿಡಿಯೋದಲ್ಲಾದರೂ ಮಗಳ ಪಕ್ಕದಲ್ಲಿ ಕೂತು ನೋಡಬೇಕೆಂದು ಆತನ ಆಸೆ. ಮಗಳು ಭಾನುವಾರ ಬೆಳಿಗ್ಗೆ ಗಂಡನ ಊರಿಗೆ ಹೊರಡುವವಳು. ಅಷ್ಟರೊಳಗೆ ಕೊಟ್ಟೇ ಕೊಡುತ್ತೇನೆಂದು ಸ್ಟುಡಿಯೋದವನು ಮಾತು ಕೊಟ್ಟ.

ಕೆಲಸ ಅರ್ಧಕ್ಕೆ ಬಂದಾಗ ಅವನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಅವನು ಅಂಗಡಿಗೆ ಓಡಿದ.

"ನಿಮ್ಮ ಪೆಟ್ಟಿಗೆಯಲ್ಲಿ ಜಾಗ ಎಷ್ಟಿದೆ? ಕರೆಂಟು ಹಂಚುವ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು?" ಎಂದು ಅಂಗಡಿಯವನು ಕೇಳಿದ.

"ಅದೆಲ್ಲ ಯಾಕೆ ಸ್ವಾಮಿ? ನಿಮ್ಮಲ್ಲಿರೋದರಲ್ಲಿ ದೊಡ್ಡದು ಕೊಡಿ" ಎಂದ ಇವನು.

ಮನೆಗೆ ತಂದವನು ಮೊದಲು ಮಾಡಿದ್ದು ಪೂಜೆ. ಕಾರ್ಡಿಗೆ ಅರಿಸಿನ ಕುಂಕುಮ ಹಚ್ಚಿದ, ಊದುಬತ್ತಿ ಬೆಳಗಿದ. ಆಮೇಲೆ ಕಂಪ್ಯೂಟರ್ ಬಿಚ್ಚಿದ. ಕಾರ್ಡು ಒಳಗೆ ಹೋಗಲಿಲ್ಲ. ಸೋಲೊಪ್ಪುವ ಆಸಾಮಿಯೇ ಅವನು? ಗರಗಸ ತಂದು ಒಳಗಿನ ತಗಡನ್ನೇ ಕೊಯ್ದು ಕೂರಿಸಿದ. ಕಂಪ್ಯೂಟರ್ ಚಾಲೂ ಆಯಿತು. ಅವನು ಮೀಸೆ ತಿರುವಿದ. ಧಾರೆಯ ಭಾಗ ಬರುವಷ್ಟರಲ್ಲಿ ಅದು ತಟ್ಟನೆ ಆರಿಹೋಯಿತು. ಎಷ್ಟು ಸಲ ಚಾಲೂ ಮಾಡಿದರೂ ಅದೇ ಪಾಡು. ಶನಿವಾರ ಕಾರ್ಡು ಹಿಡಿದುಕೊಂಡು ಅಂಗಡಿಯವನ ಮೇಲೆ ಜಗಳಕ್ಕೆ ಹೋದ.

ಅಂಗಡಿಯವನು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಕಾರ್ಡು ಚೆನ್ನಾಗಿಯೇ ಓಡಿತು. "ನಿಮ್ಮ ಎಸ್‌ಎಂಪಿಎಸ್ ಕೊಡೋ ಕರೆಂಟು ಇದಕ್ಕೆ ಸಾಲ್ತಿಲ್ಲ" ಎಂದ.

ಸ್ಟುಡಿಯೋದವನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಹಾಸಿಗೆಯಲ್ಲಿ ಕಾಯುತ್ತಿದ್ದ ಆ ತಂದೆಯ ನೆನಪು ಕಾಡಿತು. ನೆಟ್ಟಗೆ ಮನೆಗೆ ಬಂದು ಪೆಟ್ಟಿಗೆಯ ಜಾಗ ಅಳೆದ, ಎಸ್‌ಎಂಪಿಎಸ್ ಮೇಲೆ ಬರೆದದ್ದನ್ನು ಓದಿದ, ಮತ್ತೆ ಅಂಗಡಿಗೆ ಹೋಗಿ ಕಾರ್ಡು ಬದಲಾಯಿಸಿಕೊಡಿ ಎಂದು ಕೇಳಿದ.

"ಕುಂಕುಮ ಹಚ್ಚಿದ್ದನ್ನ ಹೊಸದು ಅಂತ ನಾನು ಇನ್ನೊಬ್ಬರಿಗೆ ಹೇಗೆ ಮಾರಲಿ?" ಎಂದ ಅಂಗಡಿಯವನು.

"ನೀವೇ ಇಟ್ಕೊಳ್ಳಿ. ಅದರ ಬದಲು ಇಷ್ಟು ಜಾಗಕ್ಕೆ, ಇಷ್ಟು ಕರೆಂಟಿಗೆ ಹೊಂದುವಂಥದ್ದು ಕೊಡಿ, ಸಾಕು."

ಸಿಕ್ಕಿದ್ದು ಅಂಗೈಯಗಲದ ಕಾರ್ಡು. ಅದು ಸದ್ದಿಲ್ಲದೆ ಕೂತಿತು, ಸದ್ದಿಲ್ಲದೆ ಕೆಲಸ ಮುಗಿಸಿತು. ಭಾನುವಾರ ಬಾಗಿಲಲ್ಲಿ ಕಾರು ನಿಂತಿದ್ದಾಗಲೇ ತಂದೆ ಮಗಳ ಕೈ ಹಿಡಿದುಕೊಂಡು ಧಾರೆ ನೋಡಿದ. ಇಬ್ಬರೂ ಅತ್ತರು. ಬಾಗಿಲ ಬಳಿ ನಿಂತಿದ್ದ ಸ್ಟುಡಿಯೋದವನೂ ಅತ್ತ.

ಕತೆ ಮುಗಿಯಿತು. "ಬಹಳ ಚೆನ್ನಾಗಿದೆ ಗುರುಗಳೇ. ಹಾಗಾದರೆ ನನ್ನ ವ್ರತ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಮೊನ್ನೆ ಏಕಾದಶಿಯ ನಿರಾಹಾರ ಉಪವಾಸದ ಮಧ್ಯಾಹ್ನ ಉಗ್ರಾಣದಲ್ಲಿ ಅವಲಕ್ಕಿ ಡಬ್ಬದ ಮುಚ್ಚಳ ತೆಗೆದವರು ಯಾರು ಅಂತ ಮೊದಲು ಹೇಳಪ್ಪ."