ಪುಟ್ಟಮ್ಮಣ್ಣಿ ಎಣಿಸಿದ ಕಡುಬು

"ಆರೇ ತಿಂಗಳಲ್ಲಿ ನೂರರವರೆಗೆ ಕಲಿಸಿದ್ದೇನೆ ಪ್ರಭು! ಐದು ವರ್ಷದ ಇನ್ನಾವ ಮಗು ಹೇಳುತ್ತದೆ, ತೋರಿಸಿ!"

ಹೊಂಗೆಪುರದ ಆಸ್ಥಾನದಲ್ಲಿ ಹೀಗೆ ಎದೆ ತಟ್ಟಿಕೊಂಡವರು ಗಣಿತಕೇಸರಿ ನಾರಣಪ್ಪಯ್ಯ. ಪಕ್ಕದಲ್ಲಿದ್ದ ರಾಜಕುಮಾರಿ ಪುಟ್ಟಮ್ಮಣ್ಣಿ ಉಸಿರು ಬಿಗಿಹಿಡಿದು ಒಂದರಿಂದ ನೂರರವರೆಗೆ ಒಪ್ಪಿಸಿದಳು.

ರಾಜನಿಗೆ ಹಿಗ್ಗೋ ಹಿಗ್ಗು. "ಭಲೇ ಮಗಳೇ! ಹೋಗು, ಆ ಬುಟ್ಟಿಯಿಂದ ನಾಲ್ಕು ಮಾವಿನಹಣ್ಣು ತಾ."

ಪುಟ್ಟಮ್ಮಣ್ಣಿ ಬುಟ್ಟಿಯನ್ನೇ ಎಳೆದುಕೊಂಡು ಬಂದಳು.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ರಾಜನ ಮುಖ ಹುಳ್ಳಗಾಯಿತು. ಕೇಸರಿಗಳೋ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ. "ತಪ್ಪು ನನ್ನ ಪಾಠದ್ದಲ್ಲ, ತಾಯಿಯ ಮುದ್ದಿನದು! ಹೊಳೆಯಾಚೆಯ ನನ್ನ ಗುರುಕುಲಕ್ಕೆ ಹನ್ನೆರಡು ವರ್ಷ ಕಳಿಸಿ. ನಕ್ಷತ್ರ ಎಣಿಸುವ ಹಾಗೆ ಮಾಡುತ್ತೇನೆ."

ಅವಮಾನದ ಬಿಸಿಯಲ್ಲಿ ರಾಜ ಹೂಂ ಅಂದುಬಿಟ್ಟ. ಪರದೆಯ ಹಿಂದೆ ರಾಣಿ ಬಿಕ್ಕಿದ್ದು ಕೇಳಿಸಿತು. ವಿದೂಷಕ ಸಂಕಣ್ಣ ಎದ್ದು ಮುಂದೆ ಬಂದ. ಇನ್ನೂ ಅಮ್ಮನ ಸೆರಗು ಹಿಡಿದು ಮಲಗುವ ಕೂಸು ಅದು.

"ಪ್ರಭು, ನನಗೆ ಎಂಟು ದಿನ ಕೊಡಿ," ಎಂದ. "ಹಲಗೆ ಬೇಡ, ಬೆತ್ತ ಬೇಡ, ರಾಣಿಯವರ ಅಡುಗೆಮನೆ ಸಾಕು. ಒಂಬತ್ತನೇ ದಿನ ಗುರುಗಳು ಊಟಕ್ಕೆ ಬರಲಿ, ಮಗುವೇ ಬಡಿಸುತ್ತಾಳೆ. ಎಣಿಕೆ ಒಂದೇ ಒಂದು ತಪ್ಪಿದರೂ ಅವಳು ಹೊಳೆ ದಾಟಲಿ. ನಾನು ಮೀಸೆ ಬೋಳಿಸಿಕೊಂಡು ಗುರುಗಳ ಪಾದರಕ್ಷೆ ಹೊರುತ್ತೇನೆ."

"ಒಂದೇ ಒಂದು?" ಕೇಸರಿಗಳ ಕಣ್ಣು ಮಿನುಗಿತು. ನೆಟ್ಟಗೆ ಗೆಲ್ಲುವ ಆಸಾಮಿ ಇವರಲ್ಲ ಎಂದು ಸಂಕಣ್ಣ ಅಲ್ಲೇ ಗುರುತು ಹಾಕಿಕೊಂಡ.

ಅಡುಗೆಮನೆಯ ಪಾಠ ಶುರುವಾಯಿತು. "ಅಪ್ಪಾಜಿಗೊಂದು ಎಲೆ, ಅಮ್ಮನಿಗೊಂದು, ನಿನಗೊಂದು, ನನಗೊಂದು." ಮೊದಲ ದಿನ ಅವಳು ಮೂರೇ ಎಲೆ ಹಾಕಿದಳು. ಸಂಕಣ್ಣ ಬರಿನೆಲದ ಮುಂದೆ ಕೂತು ಅಳುಮುಖ ಮಾಡಿದ. ಆಮೇಲೆ ಎಂದೂ ಎಲೆ ಕಡಿಮೆಯಾಗಲಿಲ್ಲ.

ಎರಡನೇ ಪಾಠ ಹುಣಿಸೆಬೀಜದ್ದು. ಏಳು ಬೀಜ ಎಣಿಸಿ ಇಡುವುದು, ಅವಳು ಕಣ್ಣು ಮುಚ್ಚಿದಾಗ ಸಂಕಣ್ಣ ಕೆಲವನ್ನು ಮುಷ್ಟಿಯಲ್ಲಿ ಬಚ್ಚಿಡುವುದು. "ಕಳ್ಳ ಎಷ್ಟು?" ಸರಿ ಹೇಳಿದರೆ ಬೆಲ್ಲದ ಚೂರು. ಐದು ದಿನದಲ್ಲಿ ಮಗುವಿಗೆ ಆಟದ ಹುಚ್ಚೇ ಹಿಡಿಯಿತು. "ಬೆಳಿಗ್ಗೆ ಆರು ಸೌತೆಕಾಯಿ ಇತ್ತು, ಈಗ ನಾಲ್ಕಿದೆ. ಇನ್ನೆರಡು ಎಲ್ಲಿ?" ಎಂದು ಕೇಳಿದ್ದಕ್ಕೆ ಅಡುಗೆಯ ಭರಮಪ್ಪ ಬೆವೆತುಹೋದ.

ಒಂಬತ್ತನೇ ದಿನ ಕೇಸರಿಗಳು ರೇಷ್ಮೆ ಶಲ್ಯ ಹೊದ್ದು ರಾಜನ ಪಂಕ್ತಿಯಲ್ಲಿ ಕೂತರು. ಪುಟ್ಟಮ್ಮಣ್ಣಿ ತುಪ್ಪದಲ್ಲಿ ಮಿಂದ ಕಡುಬು ಒಂದೊಂದೇ ಇಟ್ಟಳು. "ಒಂದು, ಎರಡು..." ಕೊನೆಗೆ, "ಏಳು!"

ಅವಳು ನೀರು ತರಲು ಒಳಗೆ ಹೋದಳು. ರಾಜ ಪಾಯಸದ ಕಡೆ ಬಾಗಿದ. ಕೇಸರಿಗಳ ಕೈ ಶಲ್ಯದೊಳಗೆ ಹೋಗಿ ಬಂತು. ಸಂಕಣ್ಣ ನೋಡಿಯೂ ನೋಡದವನಂತೆ ತೊಲೆ ದಿಟ್ಟಿಸುತ್ತಾ ಕೂತ.

ಸ್ವಲ್ಪ ಹೊತ್ತಿಗೆ ಕೇಸರಿಗಳು ಕೇಳಿದರು. "ಮಗು, ನಾನು ತಿಂದದ್ದೆಷ್ಟು?"

ಎಲೆಯ ಮೇಲೆ ಮೂರಿತ್ತು. ಅವಳು ಬೆರಳು ಮಡಚಿದಳು. "ನಾಲ್ಕು, ಗುರುಗಳೇ."

"ತಪ್ಪು! ನಾನು ತಿಂದದ್ದು ಎರಡೇ ಪ್ರಭು, ದೇವರಾಣೆ!"

ರಾಜನ ತುತ್ತು ಕೈಯಲ್ಲೇ ನಿಂತಿತು. ರಾಣಿ ಬಾಗಿಲು ಹಿಡಿದುಕೊಂಡಳು. ಸಂಕಣ್ಣ ತೊಲೆ ಬಿಟ್ಟು ಮಗುವಿನ ಮುಖವನ್ನೇ ನೋಡಿದ. ಮಗು ಅತ್ತುಬಿಟ್ಟರೆ ಎಲ್ಲ ಮುಗಿಯಿತು.

ಅವಳು ಅಳಲಿಲ್ಲ. "ಬಡಿಸಿದ್ದು ಏಳು. ಎಲೆಯಲ್ಲಿ ಮೂರು. ಹೊಟ್ಟೆಯಲ್ಲಿ ಎರಡು..." ಮುಖ ಅರಳಿತು. "ಗೊತ್ತಾಯ್ತು! ಕಳ್ಳ ಎರಡು! ಗುರುಗಳೇ, ಮುಷ್ಟಿ ಬಿಚ್ಚಿ!"

ಮುಷ್ಟಿ ಖಾಲಿ. ಆದರೆ ಶಲ್ಯದ ಮೇಲೆ ತುಪ್ಪದ ಕಲೆ ಹರಡುತ್ತಿತ್ತು. ಅವಳು ತುದಿ ಹಿಡಿದು ಜಗ್ಗಿದಳು. ಎರಡು ಕಡುಬು ತೊಪತೊಪನೆ ನೆಲಕ್ಕೆ ಬಿದ್ದವು.

"ಬೆಲ್ಲ ಕೊಡಿ, ಸಂಕಣ್ಣ ಮಾಮ!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಯ್ಯಾ ಇದು?"

"ಎಂಟು ದಿನ ಕಳ್ಳನ ವೇಷ ನಾನೇ ಹಾಕಿ ಸುಸ್ತಾಗಿದ್ದೆ ಪ್ರಭು," ಎಂದ ಸಂಕಣ್ಣ. "ಇವತ್ತು ಗುರುಗಳು ದೊಡ್ಡ ಮನಸ್ಸು ಮಾಡಿ ನನಗೆ ಬಿಡುವು ಕೊಟ್ಟರು."

ರಾಜ ಕೈಯ ಕಡಗ ಕಳಚಿ ಅವನಿಗೆ ತೊಡಿಸಿದ. ಮಗಳು ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲೇ ಸಾರಿದ. ಆದರೂ ಹಳೆಯ ಅನುಮಾನ ಒಂದಿಷ್ಟು ಉಳಿದಿತ್ತು. "ಮಗಳೇ, ನಾಲ್ಕು ಮಾವಿನಹಣ್ಣು ತಾ, ನೋಡೋಣ."

ಪುಟ್ಟಮ್ಮಣ್ಣಿ ಓಡಿಹೋಗಿ ಮಡಿಲಲ್ಲಿ ಐದು ತಂದಳು.

ರಾಜನ ಮುಖ ಮತ್ತೆ ಸಪ್ಪಗಾಯಿತು. "ಐದಿದೆಯಲ್ಲಮ್ಮಾ?"

"ಹೌದು ಅಪ್ಪಾಜಿ. ನಾಲ್ಕು ನಿಮಗೆ. ಒಂದು ಗುರುಗಳ ಶಲ್ಯಕ್ಕೆ!"